ಟ್ಯಾಂಪಾಕ್ಕೆ ಹೊಸಬರು: ಜೂನ್ 1ರೊಳಗೆ ಮನೆಯಲ್ಲಿ ಏನೇನು ಸಿದ್ಧ ಮಾಡಿಟ್ಟುಕೊಳ್ಳಬೇಕು?

ಬೆಣ್ಣೆದೋಸೆ_ಊರವಳು (ರಿವರ್‌ವ್ಯೂ, ಫ್ಲೋರಿಡಾ) · ಮೇ 10

ಎಲ್ಲರಿಗೂ ನಮಸ್ಕಾರ. ಜನವರಿಯಲ್ಲಿ ನ್ಯೂಜೆರ್ಸಿಯಿಂದ ಇಲ್ಲಿಗೆ ಬಂದೆವು. ನಾನು, ನಮ್ಮ ಯಜಮಾನರು, ಆರು ವರ್ಷದ ಮಗಳು. ಜೂನ್ ಎರಡನೇ ವಾರ ದಾವಣಗೆರೆಯಿಂದ ಅಪ್ಪ ಅಮ್ಮ ಬರುತ್ತಿದ್ದಾರೆ. ಐದೂವರೆ ತಿಂಗಳು ಇರುತ್ತಾರೆ. ಹರಿಕೇನ್ (ಚಂಡಮಾರುತ) ಸೀಸನ್ ಜೂನ್ 1ರಿಂದ ನವೆಂಬರ್ 30ರವರೆಗೆ ಅಂತ ಆಫೀಸಿನಲ್ಲಿ ಹೇಳಿದಾಗ ಎದೆ ಧಸಕ್ ಅಂದಿತು. ಸೀಸನ್ ಪೂರ್ತಿ ಅವರು ಇಲ್ಲೇ ಇರುತ್ತಾರೆ ಅಲ್ವಾ?

ಅಪ್ಪನಿಗೆ 71. ಇನ್ಸುಲಿನ್ ತೆಗೆದುಕೊಳ್ಳುತ್ತಾರೆ, ಮಂಡಿ ನೋವು ಬೇರೆ. ನಮ್ಮದು ಸ್ವಂತ ಮನೆ, ಒಂದೇ ಅಂತಸ್ತು. ಅಲಾಫಿಯಾ ನದಿಗೆ ಹೆಚ್ಚು ದೂರವಿಲ್ಲ. 2024ರಲ್ಲಿ ಹೆಲೀನ್, ಮಿಲ್ಟನ್ ಅನ್ನುವ ಎರಡು ಹರಿಕೇನ್ ಹದಿಮೂರು ದಿನದ ಅಂತರದಲ್ಲಿ ಬಂದವಂತೆ. ಪಕ್ಕದ ಮನೆಯ ಅಜ್ಜಿ ಅದನ್ನು ಹೇಳುವಾಗ ಅವರ ಕೈ ನಡುಗುತ್ತಿತ್ತು.

ಇನ್ನೊಂದು ವಿಷಯ. ಗ್ಯಾರೇಜಿನ ಮೂಲೆಯಲ್ಲಿ ಹಿಂದಿನವರು ಬಿಟ್ಟುಹೋದ ತಗಡಿನ ಅಟ್ಟಿ ಇದೆ. ಅಲೆಅಲೆಯಾದ ಉದ್ದನೆ ತಗಡುಗಳು, ಇಪ್ಪತ್ತೈದು ಮೂವತ್ತು ಇರಬಹುದು. ಒಂದೊಂದರ ಮೇಲೂ ಮಾರ್ಕರ್‌ನಲ್ಲಿ "ಕೆ 1", "ಕೆ 2", "ಎಂ 3" ಅಂತ ಬರೆದಿದೆ. ಗುಜರಿಗೆ ಕೊಟ್ಟುಬಿಡೋಣ ಅಂತಿದ್ದಾರೆ ಯಜಮಾನರು. ಅದೇನು ಅಂತ ಯಾರಿಗಾದರೂ ಗೊತ್ತಾ?

ಕಡಲೂರ_ಮಗ (ಕೇಪ್ ಕೋರಲ್) · ಮೇ 10

ಅಕ್ಕ, ಗುಜರಿಗೆ ಕೊಡಬೇಡಿ! ಅದು ಕಿಟಕಿಗೆ ಹಾಕುವ ಶಟರ್. ನಿಮ್ಮ ಮನೆಯಲ್ಲಿರುವ ಅತಿ ಬೆಲೆಬಾಳುವ ಸಾಮಾನು ಅದೇ. "ಕೆ" ಅಂದರೆ ಕಿಚನ್, "ಎಂ" ಅಂದರೆ ಮಾಸ್ಟರ್ ಬೆಡ್‌ರೂಮ್ ಇರಬೇಕು. ಹಿಂದಿನವರು ಯಾವ ತಗಡು ಯಾವ ಕಿಟಕಿಗೆ ಅಂತ ಗುರುತು ಹಾಕಿಟ್ಟು ಹೋಗಿದ್ದಾರೆ. ಒಳ್ಳೆಯ ಜನ.

ಎಂಟು_ಸೀಸನ್_ಕಂಡವನು (ಟ್ಯಾಂಪಾ) · ಮೇ 10

ತಂಗಿ, ಮೊದಲು ಒಂದು ಮಾತು. ನೀರಿನ ಬಾಟಲಿ, ಟಾರ್ಚ್, ಬ್ಯಾಟರಿ ಇವೆಲ್ಲ ಆಮೇಲೆ. ಎಲ್ಲಕ್ಕಿಂತ ಮುಂಚೆ ನಿಮ್ಮ ವಿಳಾಸ ಯಾವ ಇವ್ಯಾಕ್ಯುಯೇಶನ್ ಝೋನ್ (ಬಿರುಗಾಳಿ ಬಂದಾಗ ಮನೆ ಖಾಲಿ ಮಾಡಬೇಕಾದ ವಲಯ) ಅಂತ ನೋಡಿ. ಹಿಲ್ಸ್‌ಬರೊ ಕೌಂಟಿಯ ವೆಬ್‌ಸೈಟಿನಲ್ಲಿ ವಿಳಾಸ ಹಾಕಿದರೆ ಎ, ಬಿ, ಸಿ, ಡಿ, ಇ ಅಂತ ಒಂದು ಅಕ್ಷರ ಬರುತ್ತದೆ. ಏನೂ ಬರದಿದ್ದರೆ ನೀವು ಯಾವ ಝೋನಿನಲ್ಲೂ ಇಲ್ಲ ಅಂತ. ಆ ಅಕ್ಷರವನ್ನು ದೊಡ್ಡದಾಗಿ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿ.

ಆ ಅಕ್ಷರ ಗಾಳಿಯ ಲೆಕ್ಕವಲ್ಲ, ನೀರಿನ ಲೆಕ್ಕ. ಸಮುದ್ರದ ನೀರನ್ನು ಬಿರುಗಾಳಿ ಒತ್ತಿಕೊಂಡು ಬಂದು ಊರಿನೊಳಗೆ ನುಗ್ಗಿಸುತ್ತದಲ್ಲ, ಅದರದ್ದು. ಇಲ್ಲಿಯವರು "ನೀರು ಬಂದರೆ ಓಡು, ಗಾಳಿ ಬಂದರೆ ಅಡಗು" ಅನ್ನುತ್ತಾರೆ. ಕ್ಯಾಟಗರಿ 1, 2, 3 ಅಂತ ಟಿವಿಯಲ್ಲಿ ಹೇಳುವುದು ಬರೀ ಗಾಳಿಯ ವೇಗ. ಗಂಟೆಗೆ 74 ಮೈಲಿ ದಾಟಿದರೆ ಕ್ಯಾಟಗರಿ 1, 111 ದಾಟಿದರೆ 3, 157 ದಾಟಿದರೆ 5. ಎಷ್ಟು ಅಡಿ ನೀರು ಬರುತ್ತದೆ, ಎಷ್ಟು ಇಂಚು ಮಳೆ ಬೀಳುತ್ತದೆ ಅನ್ನುವುದನ್ನು ಆ ನಂಬರ್ ಹೇಳುವುದೇ ಇಲ್ಲ. ಹೆಲೀನ್‌ನ ಕಣ್ಣು ನಮ್ಮಿಂದ ನೂರು ಮೈಲಿಗೂ ಆಚೆ ಸಮುದ್ರದಲ್ಲೇ ಹಾದುಹೋಯಿತು. ಅದು ದಡ ಮುಟ್ಟಿದ್ದು ಉತ್ತರದ ಪೆರಿ ಊರಿನ ಹತ್ತಿರ. ಆದರೂ ಟ್ಯಾಂಪಾ ಕೊಲ್ಲಿಯ ಅಂಚಿನ ಮನೆಗಳಿಗೆ ಸೊಂಟದ ಮಟ್ಟ ನೀರು ಬಂತು. "ನಮ್ಮ ಕಡೆ ಬರುತ್ತಿಲ್ಲ" ಅಂತ ಮಲಗಿದವರು ಮಧ್ಯರಾತ್ರಿ ಮಂಚದಿಂದ ಕಾಲಿಳಿಸಿದರೆ ನೀರು.

ಝೋನ್ ನೋಡಿ ಇಲ್ಲೇ ತಿಳಿಸಿ. ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ.

ಬೆಣ್ಣೆದೋಸೆ_ಊರವಳು · ಮೇ 10

ನೋಡಿದೆ ಅಣ್ಣ. "ಬಿ" ಬಂತು. ಆದರೆ ಮನೆ ಕೊಳ್ಳುವಾಗ ಏಜೆಂಟ್ "ಫ್ಲಡ್ ಝೋನ್ ಎಕ್ಸ್, ಚಿಂತೆಯಿಲ್ಲ, ಫ್ಲಡ್ ಇನ್ಶೂರೆನ್ಸ್ ಬೇಕಾಗಿಲ್ಲ" ಅಂದಿದ್ದರು. ಎರಡೂ ಒಂದೇ ಅಲ್ವಾ?

ಲೆಕ್ಕದ_ಪುಸ್ತಕ (ಜಾಕ್ಸನ್‌ವಿಲ್) · ಮೇ 10

ಅಲ್ಲ ಮೇಡಂ, ಎರಡೂ ಬೇರೆ ಬೇರೆ. ಹೆಚ್ಚಿನವರು ಎಡವುವುದೇ ಇಲ್ಲಿ. ನಾನು ಹದಿನಾಲ್ಕು ವರ್ಷದಿಂದ ಇನ್ಶೂರೆನ್ಸ್ ಕೆಲಸದಲ್ಲಿದ್ದೇನೆ.

ಎಕ್ಸ್, ಎಇ ಅನ್ನುವುದು ಫೆಮಾ, ಅಂದರೆ ಕೇಂದ್ರ ಸರ್ಕಾರದ ವಿಪತ್ತು ನಿರ್ವಹಣಾ ಸಂಸ್ಥೆಯವರ ಫ್ಲಡ್ ಮ್ಯಾಪಿನ ಭಾಷೆ. ಸಾಲ ಕೊಟ್ಟ ಬ್ಯಾಂಕು ಫ್ಲಡ್ ಇನ್ಶೂರೆನ್ಸ್ ಕಡ್ಡಾಯ ಮಾಡಬೇಕೋ ಬೇಡವೋ ಅನ್ನುವುದು ಅದರಿಂದ ತೀರ್ಮಾನವಾಗುತ್ತದೆ. ಬಿ ಅನ್ನುವುದು ಹರಿಕೇನ್ ಬಂದಾಗ ಮನೆ ಖಾಲಿ ಮಾಡಿ ಅಂತ ಯಾರಿಗೆ ಹೇಳಬೇಕು ಅನ್ನುವುದರ ಗುರುತು. ಎಕ್ಸ್ ಅಂದರೆ ಬ್ಯಾಂಕು ಕೇಳುವುದಿಲ್ಲ ಅಂತ ಅಷ್ಟೇ. ನೀರು ಬರುವುದಿಲ್ಲ ಅಂತಲ್ಲ.

ಮನೆಯ ಮಾಮೂಲಿ ಇನ್ಶೂರೆನ್ಸ್ ಗಾಳಿಗೆ ಹಾರಿದ ಸೂರಿಗೆ ದುಡ್ಡು ಕೊಡುತ್ತದೆ. ನೆಲದ ಮೇಲಿಂದ ಒಳಗೆ ಬಂದ ನೀರಿಗೆ ಒಂದು ಪೈಸೆ ಕೊಡುವುದಿಲ್ಲ. ಅದಕ್ಕೆ ಪ್ರತ್ಯೇಕ ಪಾಲಿಸಿ ಬೇಕು. ಕೇಂದ್ರ ಸರ್ಕಾರದ ಎನ್‌ಎಫ್‌ಐಪಿ ಪಾಲಿಸಿಯಲ್ಲಿ ಮನೆಗೆ ಹೆಚ್ಚೆಂದರೆ 2,50,000 ಡಾಲರ್, ಒಳಗಿನ ಸಾಮಾನಿಗೆ 1,00,000 ಡಾಲರ್ ಸಿಗುತ್ತದೆ. ಸಾಮಾನಿನ ಕವರ್ ಬೇಕು ಅಂತ ಬಾಯಿಬಿಟ್ಟು ಕೇಳಿ. ಕೇಳದಿದ್ದರೆ ಅದು ಸೇರಿರುವುದಿಲ್ಲ.

ಇದಕ್ಕಿಂತ ಮುಖ್ಯವಾದದ್ದು: ಇವತ್ತು ದುಡ್ಡು ಕಟ್ಟಿದರೆ ಜಾರಿಗೆ ಬರುವುದು 30 ದಿನದ ಮೇಲೆ. ಇವತ್ತು ಮೇ 10. ನಾಳೆ ಮಾಡಿಸಿದರೆ ಜೂನ್ 10ರ ಹೊತ್ತಿಗೆ ಸಿಗುತ್ತದೆ. ಸಮುದ್ರದಲ್ಲಿ ಬಿರುಗಾಳಿಗೆ ಹೆಸರಿಟ್ಟ ಮೇಲೆ ಫೋನ್ ಮಾಡುವವರು ಪ್ರತಿ ವರ್ಷ ಇದ್ದಾರೆ. ಅವರಿಗೆ ನಾನು ಏನೂ ಮಾಡಲಾಗುವುದಿಲ್ಲ. ಆ ಫೋನ್ ಎತ್ತುವುದು ನನಗೆ ತುಂಬಾ ಕಷ್ಟ.

ನಿಮ್ಮ ಮಾಮೂಲಿ ಪಾಲಿಸಿಯಲ್ಲಿ "ಹರಿಕೇನ್ ಡಿಡಕ್ಟಿಬಲ್" ಅಂತ ಒಂದು ಸಾಲು ಇರುತ್ತದೆ, ಅದನ್ನೂ ನೋಡಿ. ಸಾಮಾನ್ಯವಾಗಿ ಶೇ. 2. ಮನೆಗೆ 4 ಲಕ್ಷ ಡಾಲರ್ ಇನ್ಶೂರೆನ್ಸ್ ಇದ್ದರೆ ಮೊದಲ 8,000 ಡಾಲರ್ ನಿಮ್ಮ ಕೈಯಿಂದಲೇ. ಅಷ್ಟು ದುಡ್ಡು ಕೈಗೆ ಸಿಗುವ ಹಾಗೆ ಇರಲಿ.

ಕೇಟಿ_ಕನ್ನಡಿಗ (ಹ್ಯೂಸ್ಟನ್) · ಮೇ 11

ಮೇಲಿನವರು ಹೇಳಿದ್ದನ್ನು ಎರಡು ಸಲ ಓದಿ. 2017ರ ಹಾರ್ವಿ ಹರಿಕೇನ್ ಬಂದಾಗ ನಮ್ಮ ಮನೆಯೂ "ಎಕ್ಸ್" ಆಗಿತ್ತು. ಗಾಳಿ ನಮಗೆ ಏನೂ ಮಾಡಲಿಲ್ಲ, ಒಂದು ಹೆಂಚೂ ಕದಲಲಿಲ್ಲ. ಆದರೆ ಮಳೆ ನಿಲ್ಲಲೇ ಇಲ್ಲ. ನಾಲ್ಕು ದಿನ. ಟೆಕ್ಸಸ್‌ನ ನೆಡರ್‌ಲ್ಯಾಂಡ್‌ನಲ್ಲಿ 60 ಇಂಚಿಗೂ ಜಾಸ್ತಿ ಬಿತ್ತು. ನಮ್ಮ ಪಕ್ಕದ ಬಾರ್ಕರ್ ಜಲಾಶಯ ತುಂಬಿ ಹಿಂದಕ್ಕೆ ಒತ್ತಿತು. ನಮ್ಮ ಬೀದಿಯಲ್ಲಿ ಫ್ಲಡ್ ಇನ್ಶೂರೆನ್ಸ್ ಇದ್ದವರು ಬೆರಳೆಣಿಕೆ ಮಂದಿ. ನಾವು ಅದರಲ್ಲಿರಲಿಲ್ಲ. ಆ ಸಾಲ ತೀರಿದ್ದು ಹೋದ ವರ್ಷ.

ಕಡಲೂರ_ಮಗ (ಕೇಪ್ ಕೋರಲ್) · ಮೇ 11

ನಾನೂ ನಮ್ಮ ಮನೆಯ ಕಥೆ ಹೇಳುತ್ತೇನೆ. ಸುಮ್ನೆ ಹೆದರಿಸುವುದಕ್ಕಲ್ಲ.

2022ರ ಸೆಪ್ಟೆಂಬರ್ ಕೊನೆ, ಇಯಾನ್. ಭಾನುವಾರ, ಸೋಮವಾರ ಎಲ್ಲರೂ ಟ್ಯಾಂಪಾ ಟ್ಯಾಂಪಾ ಅಂತಲೇ ಹೇಳುತ್ತಿದ್ದರು. ನಕ್ಷೆಯಲ್ಲಿ ಬಿಳಿ ಕೋನ್ ತೋರಿಸುತ್ತಾರಲ್ಲ, ನಾವು ಅದರ ಅಂಚಿನಲ್ಲಿದ್ದೆವು. ಟ್ಯಾಂಪಾದ ಗೆಳೆಯರೊಬ್ಬರು ಹೆಂಡತಿ ಮಕ್ಕಳ ಸಮೇತ ನಮ್ಮ ಮನೆಗೇ ಬಂದು ಉಳಿದಿದ್ದರು, ಇಲ್ಲಿ ಸುರಕ್ಷಿತ ಅಂತ. ಆಮೇಲೆ ಅದು ದಕ್ಷಿಣಕ್ಕೆ ಹೊರಳಿತು. ಖಾಲಿ ಮಾಡಿ ಅಂತ ನಮಗೆ ಆದೇಶ ಬಂದದ್ದು 27ರಂದು. 28ರ ಮಧ್ಯಾಹ್ನ ಕಾಯೊ ಕೋಸ್ಟಾ ದ್ವೀಪದ ಹತ್ತಿರ ಅದು ದಡ ಮುಟ್ಟಿತು. ಕ್ಯಾಟಗರಿ 4.

ಆ ಕೋನ್ ಅನ್ನುವುದು ಬಿರುಗಾಳಿಯ ಅಗಲವಲ್ಲ. ಅದರ ನಟ್ಟನಡುವಿನ ಕಣ್ಣು ಎಲ್ಲಿ ಹಾದುಹೋಗಬಹುದು ಅನ್ನುವ ಅಂದಾಜು ಅಷ್ಟೇ. ಮೂರು ಸಲಕ್ಕೆ ಒಂದು ಸಲ ಕಣ್ಣೇ ಕೋನ್‌ನಿಂದ ಹೊರಗೆ ಹೋಗುತ್ತದೆ. ಅಂಚಿನಲ್ಲಿದ್ದೇವೆ ಅಂದರೆ ಒಳಗಿದ್ದೇವೆ ಅಂತಲೇ ಲೆಕ್ಕ ಹಾಕಿ.

ನೀರು ಬಾಗಿಲಿನಿಂದ ಬರುತ್ತದೆ ಅಂದುಕೊಂಡಿದ್ದೆವು. ಬಾಗಿಲಿಗೆ ಟವೆಲ್, ಮರಳು ಚೀಲ ಎಲ್ಲ ಒತ್ತಿದ್ದೆವು. ಅದು ಮೊದಲು ಬಂದದ್ದು ಬಾತ್‌ರೂಮಿನ ಜಾಲರಿಯಿಂದ, ಗುಳುಗುಳು ಅಂತ. ಆಮೇಲೆ ಗೋಡೆಯ ಬುಡದ ಪ್ಲಗ್ ಪಾಯಿಂಟಿನಿಂದ ಸಣ್ಣ ಧಾರೆ. ಅರ್ಧ ಗಂಟೆಯಲ್ಲಿ ಮೊಣಕಾಲಿಗೆ ಬಂತು. ಫ್ರಿಜ್ ನಿಧಾನಕ್ಕೆ ಎದ್ದು ತೇಲಿ ಮಗ್ಗುಲಾಗಿ ಬಿತ್ತು. ಎರಡು ಮನೆಯವರು, ಐದು ಮಕ್ಕಳು, ಅಡುಗೆಮನೆ ಕಟ್ಟೆಯ ಮೇಲೆ ಏಳು ಗಂಟೆ ಕೂತಿದ್ದೆವು. ಎಲ್ಲರೂ ಉಳಿದೆವು. ನಮ್ಮ ಕೌಂಟಿಯಲ್ಲಿ ಎಷ್ಟೋ ಜನ ಉಳಿಯಲಿಲ್ಲ.

ನಮ್ಮ ಪಾಸ್‌ಪೋರ್ಟ್, ಐ-797 (ವೀಸಾ ಮಂಜೂರಾತಿ ಪತ್ರ), ಮಕ್ಕಳ ಬರ್ತ್ ಸರ್ಟಿಫಿಕೇಟ್ ಎಲ್ಲ ಇದ್ದದ್ದು ಮೇಜಿನ ಕೊನೆಯ ಡ್ರಾಯರಿನಲ್ಲಿ. ಅಂದರೆ ನೆಲಕ್ಕೆ ನಾಲ್ಕು ಇಂಚು ಮೇಲೆ. ನಾನು ಮಹಡಿ ಇಲ್ಲದ ಮನೆಯಲ್ಲಿ ಎತ್ತರದ ಶೆಲ್ಫು ಬಿಟ್ಟು ಅಲ್ಲಿ ಯಾಕಿಟ್ಟಿದ್ದೆ ಅಂತ ಇವತ್ತಿಗೂ ಅರ್ಥವಾಗಿಲ್ಲ. ವೀಸಾ ಹಾಳೆಗಳು ಒಂದಕ್ಕೊಂದು ಅಂಟಿ ಹಪ್ಪಳದ ಹಾಗಾಗಿದ್ದವು. ಅಟ್ಲಾಂಟಾ ಕಾನ್ಸುಲೇಟಿಗೆ ಹೋಗಿ ಹೊಸ ಪಾಸ್‌ಪೋರ್ಟ್, ಆಮೇಲೆ ಭಾರತಕ್ಕೆ ಹೋಗಿ ಮತ್ತೆ ವೀಸಾ ಸ್ಟ್ಯಾಂಪಿಂಗ್. ಆ ವರ್ಷ ಅತ್ತೆಯ ಆಪರೇಷನ್‌ಗೆ ನನ್ನ ಹೆಂಡತಿ ಹೋಗಲಾಗಲಿಲ್ಲ.

ಅಕ್ಕ, ಇವತ್ತೇ ಒಂದು ಜಿಪ್ ಇರುವ ಗಟ್ಟಿ ಪ್ಲಾಸ್ಟಿಕ್ ಚೀಲ ತನ್ನಿ. ಎಲ್ಲರ ಪಾಸ್‌ಪೋರ್ಟ್, ಐ-797, ಐ-94 (ದೇಶದೊಳಗೆ ಬಂದ ದಾಖಲೆ) ಪ್ರಿಂಟ್, ಮದುವೆ ಸರ್ಟಿಫಿಕೇಟ್, ಮನೆ ಪತ್ರ, ಇನ್ಶೂರೆನ್ಸ್ ಪಾಲಿಸಿಯ ಮೊದಲ ಹಾಳೆ ಎಲ್ಲ ಅದರೊಳಗೆ. ಅಪ್ಪ ಅಮ್ಮನ ಪಾಸ್‌ಪೋರ್ಟ್ ಅವರ ಸೂಟ್‌ಕೇಸಿನ ಒಳಜೇಬಿನಲ್ಲೇ ಇರುತ್ತದೆ, ಬಂದ ದಿನವೇ ಕೇಳಿ ತೆಗೆದುಕೊಳ್ಳಿ. ಎಲ್ಲದರ ಫೋಟೋ ತೆಗೆದು ಊರಿನಲ್ಲಿರುವ ತಮ್ಮನಿಗೋ ತಂಗಿಗೋ ಕಳಿಸಿ.

ಬೆಣ್ಣೆದೋಸೆ_ಊರವಳು · ಮೇ 11

ಓದುತ್ತಾ ಕಣ್ಣು ತುಂಬಿಬಂತು. ಎದ್ದುಹೋಗಿ ನೋಡಿದೆ. ನಮ್ಮ ಪಾಸ್‌ಪೋರ್ಟುಗಳೂ ಕೆಳಗಿನ ಡ್ರಾಯರಿನಲ್ಲೇ ಇದ್ದವು. ಮೇಲಕ್ಕೆ ಇಟ್ಟೆ.

ಔಷಧಿ_ಅಂಗಡಿ (ಒರ್ಲ್ಯಾಂಡೊ) · ಮೇ 11

ಫಾರ್ಮಸಿಸ್ಟ್ ಆಗಿದ್ದೇನೆ. ನಿಮ್ಮ ತಂದೆಯ ಇನ್ಸುಲಿನ್ ಬಗ್ಗೆ ಹೇಳುತ್ತೇನೆ.

ಹೆಚ್ಚಿನ ಬಗೆಯ ಇನ್ಸುಲಿನ್ ಫ್ರಿಜ್ಜಿನ ಹೊರಗೆ ಸುಮಾರು 28 ದಿನ ಇರುತ್ತದೆ. ಆದರೆ 86 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ನಮ್ಮ 30 ಡಿಗ್ರಿ ದಾಟಬಾರದು. ಕರೆಂಟ್ ಹೋದ ಫ್ಲೋರಿಡಾ ಮನೆ ಎರಡನೇ ದಿನಕ್ಕೇ ಅದನ್ನು ದಾಟುತ್ತದೆ. ಹಾಗಾಗಿ ಸಣ್ಣ ಐಸ್ ಬಾಕ್ಸ್ ಬೇಕು. ಇನ್ಸುಲಿನ್ ಐಸ್‌ಗೆ ನೇರವಾಗಿ ತಾಗಬಾರದು. ಹೆಪ್ಪುಗಟ್ಟಿದರೆ ಅದು ಕೆಲಸಕ್ಕೆ ಬಾರದು, ಕರಗಿದ ಮೇಲೂ ಬಳಸಬಾರದು. ಬಟ್ಟೆ ಸುತ್ತಿ ಇಡಿ.

ಊರಿನಿಂದ ಬರುವಾಗ ಇರುವ ದಿನಕ್ಕಿಂತ ಒಂದು ತಿಂಗಳ ಔಷಧಿ ಜಾಸ್ತಿ ತರಲಿ. ಡಾಕ್ಟರ ಚೀಟಿಯಲ್ಲಿ ಬ್ರ್ಯಾಂಡ್ ಹೆಸರಿನ ಜೊತೆ ಔಷಧಿಯ ಮೂಲ ಹೆಸರೂ ಇರಲಿ, ಟೈಪ್ ಮಾಡಿಸಿದ್ದರೆ ಒಳ್ಳೆಯದು. ಅಲ್ಲಿನ ಬ್ರ್ಯಾಂಡ್ ಹೆಸರು ಇಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ನೀವು ಇಲ್ಲಿಯ ಇನ್ಶೂರೆನ್ಸ್‌ನಲ್ಲಿ ಔಷಧಿ ತೆಗೆದುಕೊಳ್ಳುತ್ತಿದ್ದರೆ, ಹರಿಕೇನ್ ವಾರ್ನಿಂಗ್ ಬಂದಾಗ ಅವಧಿಗೆ ಮುಂಚೆಯೇ 30 ದಿನದ್ದು ಕೊಡಬೇಕು ಅಂತ ಫ್ಲೋರಿಡಾದಲ್ಲಿ ಕಾನೂನೇ ಇದೆ. ಕೇಳಿ ಪಡೆಯಿರಿ.

ರೊಟ್ಟಿ_ಬುತ್ತಿ (ಸೇಂಟ್ ಪೀಟರ್ಸ್‌ಬರ್ಗ್) · ಮೇ 12

ಊಟದ ಮಾತು ಯಾರೂ ಎತ್ತಲಿಲ್ಲ, ನಾನು ಎತ್ತುತ್ತೇನೆ ರೀ.

ಇಲ್ಲಿಯ ಹೆಚ್ಚಿನ ಮನೆಗಳಲ್ಲಿ ಇರುವುದು ಕರೆಂಟ್ ಒಲೆ. ಕರೆಂಟ್ ಹೋದರೆ ಚಹಾ ಕೂಡ ಇಲ್ಲ. ಅಂಗಡಿಯಲ್ಲಿ ಸಿಗುವ ಡಬ್ಬಿ ಸೂಪು, ಟ್ಯೂನಾ ನಮ್ಮ ಹಿರಿಯರ ಬಾಯಿಗೆ ಹೋಗುವುದಿಲ್ಲ. ಮಿಲ್ಟನ್ ಆದಮೇಲೆ ನಮಗೆ ಐದು ದಿನ ಕರೆಂಟ್ ಇರಲಿಲ್ಲ. ನಾವು ಆರು ಮಂದಿ ಉಂಡದ್ದು ಬಾಗಲಕೋಟೆಯಿಂದ ತಂದ ಜೋಳದ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ. ಪಕ್ಕದ ಕೊಲಂಬಿಯಾದ ಹುಡುಗರೂ ಬಂದು ಉಂಡರು. ನಿಮ್ಮ ಅಮ್ಮನಿಗೆ ಈಗಲೇ ಫೋನ್ ಮಾಡಿ, ದಾವಣಗೆರೆಯಲ್ಲಿ ಖಡಕ್ ರೊಟ್ಟಿಗೇನು ಬರ. ಐವತ್ತು ಕಟ್ಟಿಸಿಕೊಂಡು ಬರಲಿ. ತಿಂಗಳುಗಟ್ಟಲೆ ಕೆಡುವುದಿಲ್ಲ.

ಗೊಜ್ಜವಲಕ್ಕಿಗೂ ಒಲೆ ಬೇಡ. ದಪ್ಪ ಅವಲಕ್ಕಿಯನ್ನು ಮಿಕ್ಸಿಯಲ್ಲಿ ತರಿತರಿ ಮಾಡಿ ಈಗಲೇ ಡಬ್ಬಿಗೆ ಹಾಕಿಡಿ. ಹುಣಸೆ ಪೇಸ್ಟ್, ಬೆಲ್ಲ, ಸಾರಿನ ಪುಡಿ, ಉಪ್ಪು ನೀರಿನಲ್ಲಿ ಕದಡಿ ಅದಕ್ಕೆ ಸುರಿದರೆ ಇಪ್ಪತ್ತು ನಿಮಿಷಕ್ಕೆ ಅರಳುತ್ತದೆ. ಒಗ್ಗರಣೆಯನ್ನು ಶೇಂಗಾ ಹಾಕಿ ಮೊದಲೇ ಮಾಡಿ ಬಾಟಲಿಯಲ್ಲಿ ಇಟ್ಟುಕೊಳ್ಳಿ. ಹುರಿಹಿಟ್ಟು, ಹಾಲಿನ ಪುಡಿ, ಪುಟಾಣಿ, ಬಾಳೆಹಣ್ಣು. ಮಗುವಿಗೆ ಬಿಸ್ಕತ್ತು.

ಬಿರುಗಾಳಿ ಮೂರು ದಿನ ದೂರವಿದೆ ಅನ್ನುವಾಗ ದೋಸೆ ಹಿಟ್ಟು ರುಬ್ಬಬೇಡಿ. ಇರುವ ಹಿಟ್ಟು, ಮೊಸರು, ಪನೀರ್ ಖಾಲಿ ಮಾಡುತ್ತಾ ಬನ್ನಿ. ಫ್ರಿಜ್ ಬಾಗಿಲು ತೆಗೆಯದಿದ್ದರೆ ನಾಲ್ಕು ಗಂಟೆ ತಣ್ಣಗಿರುತ್ತದೆ. ತುಂಬಿದ ಫ್ರೀಜರ್ 48 ಗಂಟೆ. ಖಾಲಿ ಜಾಗಕ್ಕೆ ನೀರು ತುಂಬಿದ ಬಾಟಲಿ ಇಟ್ಟು ಹೆಪ್ಪುಗಟ್ಟಿಸಿ, ಆಮೇಲೆ ಅದೇ ಕುಡಿಯುವ ನೀರು. ಮನೆ ಬಿಟ್ಟು ಹೋಗುವುದಾದರೆ ಒಂದು ಲೋಟದಲ್ಲಿ ನೀರನ್ನು ಮಂಜು ಮಾಡಿ ಮೇಲೆ ಒಂದು ನಾಣ್ಯ ಇಟ್ಟು ಫ್ರೀಜರಿನಲ್ಲೇ ಬಿಡಿ. ವಾಪಸ್ ಬಂದಾಗ ನಾಣ್ಯ ತಳದಲ್ಲಿದ್ದರೆ ಎಲ್ಲ ಕರಗಿ ಮತ್ತೆ ಗಟ್ಟಿಯಾಗಿದೆ ಅಂತ ಅರ್ಥ. ಒಳಗಿರುವುದನ್ನೆಲ್ಲ ಎಸೆಯಿರಿ.

ಬೆಟ್ಟದ_ಹೂ (ಆಶ್‌ವಿಲ್, ನಾರ್ತ್ ಕೆರೋಲಿನಾ) · ಮೇ 12

ನೀರಿನ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ನಾವು ಸಮುದ್ರದಿಂದ ನಾನೂರು ಕಿಲೋಮೀಟರ್ ಆಚೆ, ಬೆಟ್ಟದ ಮೇಲಿರುವವರು. ಹರಿಕೇನ್ ನಮ್ಮ ವಿಷಯವೇ ಅಲ್ಲ ಅಂದುಕೊಂಡಿದ್ದೆವು. ಹೆಲೀನ್ ಮಳೆಗೆ ಊರಿನ ದೊಡ್ಡ ನೀರಿನ ಪೈಪುಗಳೇ ಕೊಚ್ಚಿಹೋದವು. ಕುಡಿಯಲು ಯೋಗ್ಯವಾದ ನೀರು ನಲ್ಲಿಯಲ್ಲಿ ಮತ್ತೆ ಬಂದದ್ದು ನವೆಂಬರ್ 18ಕ್ಕೆ. ಏಳು ವಾರ. ಕಾರ್ಡ್ ಮಷಿನ್ ನಡೆಯುತ್ತಿರಲಿಲ್ಲ, ಮೊಬೈಲ್ ಟವರ್ ಇಲ್ಲ. ಮನೆಯಲ್ಲಿ 40 ಡಾಲರ್ ನಗದು ಇತ್ತು, ಅಷ್ಟೇ.

ಒಬ್ಬರಿಗೆ ದಿನಕ್ಕೆ ಒಂದು ಗ್ಯಾಲನ್ ಅಂತ ಹೇಳುತ್ತಾರೆ. ಅದು ಕುಡಿಯಲು, ಸ್ವಲ್ಪ ತೊಳೆಯಲು ಮಾತ್ರ. ಐದು ಜನ, ಏಳು ದಿನ ಅಂದರೆ 35 ಗ್ಯಾಲನ್. ಟಾಯ್ಲೆಟ್ಟಿಗೆ ಬೇರೆ. ನಮ್ಮೂರಲ್ಲಿ ವಾರಕ್ಕೊಮ್ಮೆ ನಲ್ಲಿ ಬರುವಾಗ ಡ್ರಮ್ಮು, ಕೊಡ, ಪಾತ್ರೆ ಎಲ್ಲ ತುಂಬಿಸಿಡುತ್ತಿದ್ದೆವಲ್ಲ, ಹಾಗೇ ಮಾಡಿ. ಬಾತ್‌ಟಬ್ ತುಂಬಿಸಿ, ಆದರೆ ಅದರ ಬಿರಡೆ ಸೋರುತ್ತದಾ ಅಂತ ಇವತ್ತೇ ನೋಡಿ. ನಮ್ಮದು ಬೆಳಗಾಗುವುದರೊಳಗೆ ಖಾಲಿಯಾಗಿತ್ತು.

ವಿದ್ಯಾರ್ಥಿ_ಟ್ಯಾಂಪಾ · ಮೇ 12

ನಾನು ಇಲ್ಲಿ ಮಾಸ್ಟರ್ಸ್ ಮಾಡುತ್ತಿದ್ದೇನೆ. ಕಾರಿಲ್ಲ. ಎರಡನೇ ಮಹಡಿ ಅಪಾರ್ಟ್‌ಮೆಂಟ್, ನಾಲ್ಕು ಜನ ಹುಡುಗರು. ನಮ್ಮಂಥವರು ಏನು ಮಾಡಬೇಕು?

ಎಂಟು_ಸೀಸನ್_ಕಂಡವನು · ಮೇ 12

ತಮ್ಮ, ಝೋನ್ ನೋಡು. ಖಾಲಿ ಮಾಡಬೇಕಾದ ಝೋನ್ ಆಗಿದ್ದರೆ ಯಾರ ಕಾರಿನಲ್ಲಿ ಹೋಗುವುದು ಅಂತ ಈಗಲೇ ಗೊತ್ತುಮಾಡಿಕೋ. ಹಿಂದಿನ ರಾತ್ರಿ ಬೇಡ. ನಮ್ಮ ಕಾರಿನಲ್ಲಿ ಎರಡು ಸೀಟ್ ಇದೆ, ಮೆಸೇಜ್ ಮಾಡು. ಕೌಂಟಿಯವರು ಶಾಲೆಗಳಲ್ಲಿ ಶೆಲ್ಟರ್ ತೆರೆಯುತ್ತಾರೆ, ಪುಕ್ಕಟೆ. ನೆಲದ ಮೇಲೆ ಮಲಗಬೇಕು. ಚಾಪೆ, ಹೊದಿಕೆ, ತಿನ್ನಲು, ಔಷಧಿ ನಾವೇ ಒಯ್ಯಬೇಕು. ಜೀವಕ್ಕೆ ಅಷ್ಟು ಸಾಕು.

ಎರಡು_ಡಬ್ಬಿ_ಪೆಟ್ರೋಲ್ (ವೆಸ್ಲಿ ಚಾಪೆಲ್) · ಮೇ 13

ಎಲ್ಲರೂ ಓಡಿ ಓಡಿ ಅನ್ನುತ್ತಿದ್ದೀರಿ. ಮಿಲ್ಟನ್‌ಗೆ ನಾವು ಅಟ್ಲಾಂಟಾಗೆ ಹೊರಟು ಐ-75 ಹೆದ್ದಾರಿಯಲ್ಲಿ 17 ಗಂಟೆ ಕೂತೆವು. ದಾರಿಯಲ್ಲಿ ಪೆಟ್ರೋಲ್ ಇಲ್ಲ, ರೂಮ್ ಇಲ್ಲ, ಮಗುವಿಗೆ ಜ್ವರ. ವಾಪಸ್ ಬಂದು ನೋಡಿದರೆ ಮನೆಗೆ ಏನೂ ಆಗಿರಲಿಲ್ಲ. ಇನ್ನುಮೇಲೆ ನಾವು ಎಲ್ಲಿಗೂ ಹೋಗುವುದಿಲ್ಲ. ದೊಡ್ಡ ಜನರೇಟರ್ ತಂದಿದ್ದೇನೆ.

ಕೇಟಿ_ಕನ್ನಡಿಗ · ಮೇ 13

ನಿಮ್ಮ ಸಿಟ್ಟು ಅರ್ಥವಾಗುತ್ತದೆ ಸರ್. 2005ರಲ್ಲಿ ರೀಟಾ ಬಂದಾಗ ನಾನು ಇಲ್ಲಿ ಓದುತ್ತಿದ್ದೆ. ಕತ್ರೀನಾ ಆಗಿ ಒಂದು ತಿಂಗಳೂ ಆಗಿರಲಿಲ್ಲ, ಎಲ್ಲರಿಗೂ ಭಯ. 25 ಲಕ್ಷದಷ್ಟು ಜನ ಒಟ್ಟಿಗೆ ರಸ್ತೆಗಿಳಿದರು. ಬಿಸಿಲಿನಲ್ಲಿ, ದಾರಿಯಲ್ಲೇ ಸತ್ತವರು ನೂರರ ಆಸುಪಾಸು. ಅದರಲ್ಲಿ ಬಹಳ ಮಂದಿ ಹೋಗಲೇಬೇಕಾಗಿರಲಿಲ್ಲ. ನೀರು ಬರದ ಜಾಗದವರು ಅವರು.

ಅದಕ್ಕೇ ಝೋನ್ ಅನ್ನುವುದು. ವೆಸ್ಲಿ ಚಾಪೆಲ್ ಒಳನಾಡು. ನಿಮ್ಮ ಮನೆ ಝೋನಿನಲ್ಲಿಲ್ಲದಿದ್ದರೆ, ಮನೆ ಗಟ್ಟಿಯಿದ್ದರೆ ನೀವು ಉಳಿಯುವುದೇ ಸರಿ. ನೀವು ರಸ್ತೆ ಬಿಟ್ಟುಕೊಟ್ಟರೆ ಬಿ ಝೋನಿನ ಈ ಅಕ್ಕನಿಗೆ ದಾರಿಯಾಗುತ್ತದೆ. ಹೋಗುವವರೂ ನೂರಾರು ಮೈಲಿ ಹೋಗಬೇಕಾಗಿಲ್ಲ. ಇಪ್ಪತ್ತು ಮೂವತ್ತು ಮೈಲಿ ಒಳಗಡೆ, ನೀರು ಮುಟ್ಟದ ಎತ್ತರದಲ್ಲಿ ಒಂದು ಗಟ್ಟಿ ಮನೆ ಸಿಕ್ಕರೆ ಸಾಕು.

ಜನರೇಟರ್ ಮಾತ್ರ ಗ್ಯಾರೇಜಿನೊಳಗೆ ಹಚ್ಚಬೇಡಿ. ಬಾಗಿಲು ತೆರೆದಿದ್ದರೂ ಬೇಡ. ಮನೆಯಿಂದ 20 ಅಡಿ ದೂರ, ಹೊಗೆ ಕಿಟಕಿಯ ಕಡೆ ಬರದ ಹಾಗೆ. ಆ ವಿಷಗಾಳಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಮಲಗಿದವರು ಏಳುವುದಿಲ್ಲ. ಬ್ಯಾಟರಿಯ ಕಾರ್ಬನ್ ಮೊನಾಕ್ಸೈಡ್ ಅಲಾರಂ ಒಂದು ಇಂದೇ ತಂದು ಹಾಕಿ. 2024ರ ಜುಲೈ 8ರಂದು ಬೆರಿಲ್ ಬಂದಾಗ ಇಲ್ಲಿ 20 ಲಕ್ಷಕ್ಕೂ ಹೆಚ್ಚು ಕಡೆ ಕರೆಂಟ್ ಹೋಯಿತು. ಅದು ಬರೀ ಕ್ಯಾಟಗರಿ 1. ಸುಡುಬಿಸಿಲು ಮತ್ತು ಜನರೇಟರ್ ಹೊಗೆ, ಎರಡೂ ಜೀವ ತೆಗೆದವು.

ಎರಡು_ಡಬ್ಬಿ_ಪೆಟ್ರೋಲ್ · ಮೇ 13

ಝೋನ್ ನೋಡಿದೆ, ಯಾವುದೂ ಇಲ್ಲ. ಹಾಗಾದರೆ ಆವತ್ತು ಸುಮ್ನೆ ಓಡಿದೆವು. ಜನರೇಟರನ್ನು ಗ್ಯಾರೇಜಿನಲ್ಲೇ ಇಡೋಣ ಅಂತಿದ್ದೆ ಸರ್, ಹೇಳಿದ್ದು ಒಳ್ಳೆಯದಾಯಿತು. ಅಲಾರಂ ಆರ್ಡರ್ ಮಾಡಿದೆ.

ಗ್ರೀನ್‌ಕಾರ್ಡ್_ಕಾಯುತ್ತಾ (ಫೋರ್ಟ್ ಮೈಯರ್ಸ್) · ಮೇ 14

ಎಚ್-1ಬಿ (ಕೆಲಸದ ವೀಸಾ) ಮೇಲೆ ಇರುವವರಿಗೆ ಒಂದು ಮಾತು. ಫೆಮಾದವರು ಮನೆ ಹಾಳಾದವರಿಗೆ ಕೊಡುವ ನಗದು ಸಹಾಯ ಸಿಟಿಜನ್‌ಗಳಿಗೆ, ಗ್ರೀನ್‌ಕಾರ್ಡ್ ಇದ್ದವರಿಗೆ ಸಿಗುತ್ತದೆ. ಎಚ್-1ಬಿ ಇದ್ದವರಿಗೆ ಇಲ್ಲ. ಆದರೆ ಜೊತೆಯಲ್ಲಿರುವ ಮಗು ಇಲ್ಲೇ ಹುಟ್ಟಿದ ಸಿಟಿಜನ್ ಆಗಿದ್ದರೆ ಮಗುವಿನ ಹೆಸರಿನಲ್ಲಿ ತಂದೆ ತಾಯಿ ಅರ್ಜಿ ಹಾಕಬಹುದು. ಮಗುವಿನ ಸೋಶಿಯಲ್ ಸೆಕ್ಯುರಿಟಿ ನಂಬರ್ ಬೇಕು. ಇಯಾನ್ ಆದಮೇಲೆ ಇದು ಗೊತ್ತಿಲ್ಲದೆ ನಮ್ಮ ಪರಿಚಯದ ಮೂರು ಮನೆಯವರು ಅರ್ಜಿಯನ್ನೇ ಹಾಕಲಿಲ್ಲ. ಶೆಲ್ಟರ್, ಊಟ, ನೀರಿಗೆ ಯಾರೂ ವೀಸಾ ಕೇಳುವುದಿಲ್ಲ, ಹೆದರಬೇಡಿ.

ಈ ವಾರವೇ ಮೊಬೈಲ್ ಹಿಡಿದು ಮನೆಯೆಲ್ಲ ಒಂದು ಸುತ್ತು ವಿಡಿಯೋ ಮಾಡಿ. ಕಪಾಟು ತೆಗೆದು ಒಳಗಿರುವುದನ್ನೂ ತೋರಿಸಿ, ಟಿವಿ ಹಿಂದಿನ ನಂಬರ್ ಸಹಿತ. ನೀರು ಬಂದು ಹೋದ ಮೇಲೆ ಗೋಡೆಗೆ ಬೂಷ್ಟು ಹಿಡಿಯಲು ಎರಡು ದಿನ ಸಾಕು, ಹಾಗಾಗಿ ಇನ್ಶೂರೆನ್ಸ್‌ನವರು ಬರುವ ಮುಂಚೆಯೇ ಒದ್ದೆ ಸಾಮಾನು ಹೊರಗೆ ಹಾಕಬೇಕಾಗುತ್ತದೆ. ಫೋಟೋ ತೆಗೆದು ಹಾಕಿ.

ರೊಟ್ಟಿ_ಬುತ್ತಿ · ಮೇ 14

ಊರಿನವರಿಗೆ ಹೇಳುವುದನ್ನು ಮರೆಯಬೇಡಿ. ಟಿವಿ ನೋಡಿ ಅವರಿಗೆ ನಿದ್ದೆ ಇರುವುದಿಲ್ಲ. ಒಬ್ಬರನ್ನು ಮಾತ್ರ ಗೊತ್ತುಮಾಡಿ, ಅವರಿಗೆ ನೀವು ಮೆಸೇಜ್ ಮಾಡುತ್ತೀರಿ, ಅವರು ಉಳಿದವರಿಗೆಲ್ಲ ಹೇಳುತ್ತಾರೆ. ಫೋನ್ ಹೋಗದಿದ್ದಾಗಲೂ ಸಾದಾ ಎಸ್‌ಎಂಎಸ್ ಎಷ್ಟೋ ಸಲ ಹೋಗುತ್ತದೆ. ಬ್ಯಾಟರಿಯೂ ಉಳಿಯುತ್ತದೆ.

ಬೆಣ್ಣೆದೋಸೆ_ಊರವಳು · ಮೇ 18

ಎಲ್ಲರಿಗೂ ಕೈಮುಗಿಯುತ್ತೇನೆ. ಈ ವಾರ ಆದದ್ದು ಹೇಳುತ್ತೇನೆ.

ಫ್ಲಡ್ ಇನ್ಶೂರೆನ್ಸ್ ಮಾಡಿಸಿದೆವು, ಸಾಮಾನಿನ ಕವರ್ ಸೇರಿಸಿ. ಜೂನ್ ಮಧ್ಯದಿಂದ ಜಾರಿ. ಅಮ್ಮನಿಗೆ ರೊಟ್ಟಿ ಹೇಳಿದೆ. "ಅಮೆರಿಕದಲ್ಲಿ ಊಟಕ್ಕೆ ಏನು ಬಂತೇ" ಅಂತ ಗಾಬರಿಯಾದರು, ಅರ್ಧ ಗಂಟೆ ಸಮಾಧಾನ ಮಾಡಿದೆ.

ಶನಿವಾರ ಶಟರ್ ಹಾಕಿ ನೋಡಿದೆವು. ಕಿಟಕಿಯ ಸುತ್ತ ಗೋಡೆಯಲ್ಲಿ ಬೋಲ್ಟುಗಳು ಇದ್ದವು, ಇಷ್ಟು ದಿನ ಕಣ್ಣಿಗೇ ಬಿದ್ದಿರಲಿಲ್ಲ. ಮೇಲಿನ ಪಟ್ಟಿಯೊಳಗೆ ತಗಡನ್ನು ತೂರಿಸಿ, ಒಂದರ ಅಂಚಿನ ಮೇಲೆ ಇನ್ನೊಂದನ್ನು ಕೂರಿಸಿ, ಕೆಳಗೆ ರೆಕ್ಕೆಯ ಹಾಗಿರುವ ನಟ್ ತಿರುಗಿಸಬೇಕು. ನಟ್‌ಗಳ ಡಬ್ಬ ಸಿಕ್ಕಿತು, ಅರ್ಧಕ್ಕರ್ಧ ತುಕ್ಕು ಹಿಡಿದಿವೆ. ಯಜಮಾನರ ಬೆರಳು ಕುಯ್ದು ರಕ್ತ ಬಂತು, ಆಮೇಲೆ ದಪ್ಪ ಗ್ಲೌಸ್ ತಂದೆವು. ಮೂರು ಕಿಟಕಿಗೆ ಎರಡೂವರೆ ಗಂಟೆ. "ಕೆ 2" ಎಲ್ಲೂ ಸಿಗಲಿಲ್ಲ. ಎಲ್ಲ ಹಾಕಿದ ಮೇಲೆ ಒಳಗೆ ನಿಂತರೆ ಹಗಲಿನಲ್ಲೇ ಕತ್ತಲು. ಮಗಳು ಹೆದರಿದಳು. ಆಮೇಲೆ ಟಾರ್ಚ್ ಹಿಡಿದು ಗೋಡೆ ಮೇಲೆ ನೆರಳಿನ ಆಟ ಆಡಿದಳು.

ಕಡಲೂರ_ಮಗ · ಮೇ 18

ಬಹಳ ಒಳ್ಳೆಯ ಕೆಲಸ ಮಾಡಿದಿರಿ ಅಕ್ಕ. ಇದನ್ನೇ ಬಿರುಗಾಳಿಯ ಹಿಂದಿನ ದಿನ ಮಳೆಯಲ್ಲಿ, ಏಣಿ ಮೇಲೆ ನಿಂತು ಮಾಡುವುದನ್ನು ನೆನೆಸಿಕೊಳ್ಳಿ. "ಕೆ 2" ಸಿಗದಿದ್ದರೆ ಆ ಜಾಗಕ್ಕೆ 5/8 ಇಂಚು ದಪ್ಪದ ಪ್ಲೈವುಡ್ ಅಳತೆಗೆ ಕತ್ತರಿಸಿ ತೂತು ಕೊರೆದು ಇಟ್ಟುಕೊಳ್ಳಿ. ಗಾಜಿಗೆ ಟೇಪ್ ಅಂಟಿಸಿದರೆ ಏನೂ ಉಪಯೋಗವಿಲ್ಲ. ಸ್ಟೀಲಿನ ಹೊಸ ನಟ್ ಒಂದು ಡಬ್ಬ ತನ್ನಿ. ಗ್ಯಾರೇಜ್ ಬಾಗಿಲನ್ನೂ ಯಾರಿಗಾದರೂ ತೋರಿಸಿ, ಗಾಳಿ ಮೊದಲು ಮುರಿಯುವುದು ಅದನ್ನೇ. ಅದು ಮುರಿದರೆ ಒಳಗೆ ನುಗ್ಗಿದ ಗಾಳಿ ಸೂರನ್ನು ಮೇಲೆತ್ತುತ್ತದೆ.

ಆದರೆ ಶಟರ್ ಇದೆ ಅಂತ ಮನೆಯಲ್ಲೇ ಉಳಿಯಬೇಡಿ. ಅದು ಗಾಳಿಯನ್ನು ತಡೆಯುತ್ತದೆ, ನೀರನ್ನಲ್ಲ. ಬಿ ಅಂದರೆ ಹೊರಡಲೇಬೇಕು. ಎಲ್ಲಿಗೆ ಅಂತ ಗೊತ್ತುಮಾಡಿದ್ದೀರಾ?

ಬೆಣ್ಣೆದೋಸೆ_ಊರವಳು · ಮೇ 18

ಅದೊಂದೇ ಉಳಿದಿದೆ. ಇಲ್ಲಿ ನಮಗೆ ಯಾರೂ ಪರಿಚಯವಿಲ್ಲ. ಹೋಟೆಲ್ ನೋಡುತ್ತಿದ್ದೇವೆ. ಅಪ್ಪನಿಗೆ ಇನ್ಸುಲಿನ್, ಫ್ರಿಜ್, ಪಥ್ಯ ಎಲ್ಲ ಆಗಬೇಕಲ್ಲ ಅಂತ ಯೋಚನೆ.

ದಿಬ್ಬದ_ಮನೆ (ಲೇಕ್‌ಲ್ಯಾಂಡ್) · ಮೇ 18

ನಾನು ಇಷ್ಟು ದಿನ ಸುಮ್ಮನೆ ಓದುತ್ತಿದ್ದೆ. ನಾವು ಲೇಕ್‌ಲ್ಯಾಂಡ್‌ನಲ್ಲಿದ್ದೇವೆ, ನಿಮ್ಮಿಂದ ಮುಕ್ಕಾಲು ಗಂಟೆ. ಎತ್ತರದ ಜಾಗ, ಯಾವ ಝೋನಿನಲ್ಲೂ ಇಲ್ಲ. ಮನೆ 2006ರದ್ದು, ಕಾಂಕ್ರೀಟ್ ಬ್ಲಾಕ್. 2002ರ ಹೊಸ ಕಟ್ಟಡ ನಿಯಮ ಬಂದ ಮೇಲೆ ಕಟ್ಟಿದ್ದು. ಮಿಲ್ಟನ್‌ನಲ್ಲಿ ಬೇಲಿ ಬಿತ್ತು, ಎರಡು ದಿನ ಕರೆಂಟ್ ಇರಲಿಲ್ಲ, ಅಷ್ಟೇ. ಮಕ್ಕಳು ಓದಲು ಹೊರಗೆ ಹೋಗಿದ್ದಾರೆ, ಮೂರು ರೂಮ್ ಖಾಲಿ. ನಾನು, ನಮ್ಮ ಮನೆಯವರು ಇಬ್ಬರೇ. ನಿಮ್ಮ ಕೌಂಟಿಯಲ್ಲಿ ಬಿ ಝೋನಿಗೆ ಆದೇಶ ಬಂದ ತಕ್ಷಣ ಎಲ್ಲರೂ ಬಂದುಬಿಡಿ. ನಮ್ಮ ಮನೆಯವರಿಗೂ ಸಕ್ಕರೆ ಕಾಯಿಲೆ, ಪಥ್ಯದ ಅಡುಗೆ ಹೇಗೂ ಆಗುತ್ತದೆ. ತಂದೆಯವರಿಗೆ ಮೆಟ್ಟಿಲು ಹತ್ತಲು ಆಗುತ್ತದಾ? ಕೆಳಗೂ ಒಂದು ರೂಮ್ ಇದೆ, ಪಕ್ಕದಲ್ಲೇ ಬಾತ್‌ರೂಮ್.

ಬೆಣ್ಣೆದೋಸೆ_ಊರವಳು · ಮೇ 18

ಅಮ್ಮ, ಏನು ಹೇಳಬೇಕು ಅಂತಲೇ ಗೊತ್ತಾಗುತ್ತಿಲ್ಲ. ಅಪ್ಪನಿಗೆ ಮೆಟ್ಟಿಲು ಕಷ್ಟ, ಕೆಳಗಿನ ರೂಮೇ ಆಗಲಿ. ಅವರು ಬಂದ ಮೇಲೆ ಜೂನ್‌ನಲ್ಲಿ ಒಂದು ಭಾನುವಾರ ನಿಮ್ಮ ಮನೆಗೆ ಬರುತ್ತೇವೆ. ಮಳೆ ಇಲ್ಲದ ದಿನವೇ ಒಮ್ಮೆ ದಾರಿ ನೋಡಿಕೊಂಡ ಹಾಗಾಗುತ್ತದೆ. ರೊಟ್ಟಿ ತರುತ್ತೇವೆ.

ದಿಬ್ಬದ_ಮನೆ · ಮೇ 18

ಬನ್ನಿ ತಾಯಿ. ಐ-4 ಬೇಡ, ಆ ದಿನ ಅದು ತುಂಬಿರುತ್ತದೆ. ಹೆದ್ದಾರಿ 60ರಲ್ಲಿ ಬನ್ನಿ. ನಂಬರ್ ಪ್ರತ್ಯೇಕವಾಗಿ ಕಳಿಸಿದ್ದೇನೆ, ಅದನ್ನೂ ಒಂದು ಕಾಗದದಲ್ಲಿ ಬರೆದು ಪಾಸ್‌ಪೋರ್ಟ್ ಚೀಲದೊಳಗೆ ಇಟ್ಟುಬಿಡಿ.